ಮಾವನವರಿಗೆ ತಗುಲದ ಮಿಸೈಲ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ನಗುವ ಸಂಗತಿಯನ್ನು ನಗು ಬರುವ ಹಾಗೆ ಹೇಳಲು ಬರುವುದಿಲ್ಲ. ನಗುವ ಜಾಗ ಹತ್ತಿರ ಬರುತ್ತಿದ್ದಂತೆ ಇವರಿಗೆ ಅರ್ಥವಾಯಿತೋ ಇಲ್ಲವೋ ಎಂಬ ಭಯ ಹುಟ್ಟಿ, ನಾನೇ ವಿವರಣೆಗೆ ಇಳಿಯುತ್ತೇನೆ. ವಿವರಣೆ ಮುಗಿಯುವಷ್ಟರಲ್ಲಿ ಕೇಳುವವರು ಲೋಕಲ್ ರೈಲಿನಿಂದ ಸೀವುಡ್ಸ್ ಸ್ಟೇಷನ್ನಿನಲ್ಲಿ ಇಳಿದುಹೋಗಿರುತ್ತಾರೆ. ಆದರೆ ನಮ್ಮ ಮನೆಯಲ್ಲಿ ಮಾವನವರಿಂದಾಗಿ ಇಂಥ ಪ್ರಸಂಗಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತವೆ. ಯಾರಾದರೂ ಬರೆದಿಡದಿದ್ದರೆ ಹೇಗೆ ಎಂದು ಹೆಂಡತಿ ಹೇಳಿದ್ದರಿಂದ ಬರೆಯಲು ಕೂತಿದ್ದೇನೆ. ಇದು ನನ್ನ ಮೊದಲ ಬರಹ.

ಯಾರು ಯಾರೆಂದು ಹೇಳಿಬಿಡಬೇಕು. ನಾನು ಧಾರವಾಡದ ಕಡೆಯವನು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಆಫೀಸಿನಲ್ಲಿ ಕೆಲಸ, ಮನೆ ಖಾರಘರದಲ್ಲಿ. ಹೆಂಡತಿ ಠಾಣೆಯಲ್ಲಿ ಹುಟ್ಟಿದವಳು, ಉಡುಪಿ ಕಡೆಯ ಮನೆತನ. ಅವಳ ಅಪ್ಪ, ಅಂದರೆ ನನ್ನ ಮಾವನವರು, ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬಹಳ ವರ್ಷ ಸಸ್ಯಾಹಾರಿ ಹೋಟೆಲು ನಡೆಸಿದವರು. ಫ್ಯಾಕ್ಟರಿಯ ಪಾಳಿ ಬಿಟ್ಟಾಗ ನುಗ್ಗುವ ಜನರನ್ನು ಕೌಂಟರಿನಿಂದಲೇ ಕಣ್ಸನ್ನೆಯಲ್ಲಿ ಕೂರಿಸುತ್ತಿದ್ದವರು. ಅವರಿಗೆ ಪಾರ್ಕಿನ್ಸನ್ ಶುರುವಾಯಿತು. ಬಲಗೈ ನಡುಗತೊಡಗಿತು. ಹೋಟೆಲನ್ನು ತಮ್ಮನ ಮಗನಿಗೆ ಒಪ್ಪಿಸಿ, ಅತ್ತೆ ತೀರಿಕೊಂಡ ಮೇಲೆ, ನಮ್ಮ ಮನೆಗೆ ಬಂದರು.

ಇನ್ನು ಮಿಸೈಲಿನ ವಿಷಯ. ಹೆದರಬೇಡಿ. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಎಂಬುದಿದೆ. ಅದು ಆಟವೇ, ಆದರೆ ಆಡುವವರು ಅದನ್ನು ಆಟ ಎಂದು ಒಪ್ಪುವುದಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ಖಾರಘರ ಕಡೆಯ ನಾವು ಕೆಲವರು ಹವ್ಯಾಸಕ್ಕಾಗಿ ಅದಕ್ಕೆ ಹೊಸ ಹೊಸ ಭಾಗಗಳನ್ನು ಮಾಡಿ ಸೇರಿಸುತ್ತೇವೆ. ಬೇರೆಯವರು ವಿಮಾನ ಮಾಡುತ್ತಾರೆ. ನನ್ನ ಪಾಲಿಗೆ ಬಂದದ್ದು ನೆಲದಿಂದ ಹಾರಿ ವಿಮಾನವನ್ನು ಹೊಡೆಯುವ ಮಿಸೈಲು. ಅದು ವಿಮಾನವನ್ನು ಹೇಗೆ ನೋಡುತ್ತದೆ, ನೋಡಿ ಎತ್ತ ತಿರುಗುತ್ತದೆ ಎಂಬ ಲೆಕ್ಕ ಬರೆಯುವುದು ನನ್ನ ಭಾನುವಾರಗಳ ಕೆಲಸ.

ಡೊಂಬಿವಲಿಯ ಬಾಗಿಲು

ಒಂದು ಭಾನುವಾರ ಮಾವನವರು ನನ್ನ ಹಿಂದೆ ಬಂದು ನಿಂತರು.

"ಇದು ಎಂತ, ಎರೆಹುಳ ಹರಿದ ಹಾಗೆ ಉಂಟು?"

"ಮಿಸೈಲ್ ಹೋದ ದಾರಿ ರೀ ಮಾಮಾ."

"ವಿಮಾನ ಅಲ್ಲಿ ಉಂಟು. ಇದು ಇಲ್ಲಿಗೆ ಯಾಕೆ ಹೋಗ್ತದೆ? ಕಣ್ಣು ಕಾಣುದಿಲ್ವಾ ಇದಕ್ಕೆ?"

ಯಾರಾದರೂ ಇಷ್ಟು ಕೇಳಿದರೆ ಸಾಕು ನನಗೆ. ಕುರ್ಚಿ ತಿರುಗಿಸಿ ಹೇಳಿದೆ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ಲೋಕಲ್ ಬರುತ್ತಿದೆ ಎಂದುಕೊಳ್ಳಿ. ಬಾಗಿಲು ಈಗ ಎಲ್ಲಿದೆಯೋ ಅಲ್ಲಿಗೆ ಓಡಿದರೆ ಸಿಗುವುದಿಲ್ಲ, ನಾವು ಮುಟ್ಟುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಅದು ಎಲ್ಲಿಗೆ ಬರಲಿದೆಯೋ ಅಲ್ಲಿಗೆ ಓಡಬೇಕು. ಅದು ಹೇಗೆ ಗೊತ್ತಾಗುತ್ತದೆ? ಓಡುತ್ತಾ ಬಾಗಿಲನ್ನೇ ನೋಡುತ್ತಿರಬೇಕು. ಅದು ಕಣ್ಣಿಗೆ ಮುಂದಕ್ಕೂ ಜಾರದೆ ಹಿಂದಕ್ಕೂ ಜಾರದೆ ಒಂದೇ ಓರೆಯಲ್ಲಿ ದೊಡ್ಡದಾಗುತ್ತಾ ಬಂದರೆ, ನಾವೂ ಅದೂ ಕೂಡುವುದು ಖಂಡಿತ. ಓರೆ ಬದಲಾದರೆ ನಮ್ಮ ಓಟವನ್ನು ಅಷ್ಟು ತಿರುಗಿಸಿಕೊಳ್ಳಬೇಕು. ಮಿಸೈಲಿನ ಬುದ್ಧಿ ಇಷ್ಟೇ.

ಮಾವನವರು ಗಮನವಿಟ್ಟು ಕೇಳಿದರು. ಇಷ್ಟು ಕೊನೆಯವರೆಗೆ ಕೇಳಿದವರು ಅವರೊಬ್ಬರೇ.

"ಡೊಂಬಿವಲಿಯಲ್ಲಿ ಬಾಗಿಲು ಸಿಕ್ಕಿತು ಅಂತ ಇಟ್ಕೊಳ್ಳುವ. ಒಳಗೆ ಹೋಗ್ಲಿಕ್ಕೆ ಆಗ್ತದಾ?"

"ಇಲ್ಲರಿ, ಗದ್ದಲ ಇರತೈತಿ."

"ಮತ್ತೆ ಅಷ್ಟು ಲೆಕ್ಕ ಹಾಕಿ ಎಂತ ಪ್ರಯೋಜನ, ಮಾರಾಯ್ರೆ?"

ಏನೂ ಮಾಡದಿರುವ ಕೆಲಸ

ಮಿಸೈಲನ್ನು ಪರೀಕ್ಷಿಸಬೇಕಾದರೆ ಎದುರಿಗೆ ಒಬ್ಬರು ವಿಮಾನ ಹಾರಿಸಬೇಕು. ಆ ಕೆಲಸಕ್ಕೆ ಯಾರೂ ಸಿಗುತ್ತಿರಲಿಲ್ಲ, ಹೊಡೆಸಿಕೊಳ್ಳಲು ಯಾರು ಬರುತ್ತಾರೆ? ಅದೇ ಹೊತ್ತಿಗೆ ಡಾಕ್ಟರು, ಕೈಗೆ ಏನಾದರೂ ಕೆಲಸವಿರಲಿ, ಸುಮ್ಮನೆ ಕೂರಿಸಬೇಡಿ ಎಂದಿದ್ದರು. ಎರಡನ್ನೂ ಸೇರಿಸಿದ್ದು ನನ್ನ ಹೆಂಡತಿ. ಅವರ ಕೋಣೆಯಲ್ಲಿ ಒಂದು ಕಂಪ್ಯೂಟರ್, ಜಾಯ್‌ಸ್ಟಿಕ್ ಇಟ್ಟೆವು. ಹಾಲಿನಲ್ಲಿ ನನ್ನ ಲ್ಯಾಪ್‌ಟಾಪ್.

"ನನ್ನ ಕೆಲಸ ಎಂತ?" ಎಂದು ಕೇಳಿದರು ಮಾವನವರು.

"ನೀವು ಸುಮ್ಮ ಹಾರಕೋತ ಹೋಗ್ರಿ. ನಾ ಹೊಡಿತೀನಿ."

"ಅಳಿಯ ಮಾವನಿಗೆ ಹೊಡೆಯುದು. ಆಯ್ತು. ಊರಲ್ಲಿ ಮಾತ್ರ ಹೇಳ್ಬೇಡಿ."

ಮರುದಿನ ಅವರು ಸ್ನಾನ ಮಾಡಿ, ನಾಮ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತರು. ಹೋಟೆಲಿನ ಕೌಂಟರಿಗೆ ಹೋಗುವಾಗ ಹೀಗೇ ತಯಾರಾಗುತ್ತಿದ್ದರಂತೆ. ಅವರು ಅಂಗಿಗೆ ಇಸ್ತ್ರಿ ಕೇಳಿದ್ದು ನಮ್ಮ ಮನೆಗೆ ಬಂದ ಮೇಲೆ ಅದೇ ಮೊದಲು. ಹೆಂಡತಿ ಇಸ್ತ್ರಿ ಮಾಡುತ್ತಾ ಗೋಡೆಯ ಕಡೆ ತಿರುಗಿಕೊಂಡಿದ್ದಳು.

ನಾನು ಮಿಸೈಲ್ ಬಿಟ್ಟೆ. ತಪ್ಪಿತು. ಮತ್ತೊಂದು ಬಿಟ್ಟೆ. ಅದೂ ತಪ್ಪಿತು. ನೇರವಾಗಿ ಹೋಗುತ್ತಿರುವ ವಿಮಾನಕ್ಕೆ ಹತ್ತಿರ ಹೋಗಿ ಹೋಗಿ, ದಮ್ಮು ಕಟ್ಟಿದವರಂತೆ ಕೆಳಗೆ ಬೀಳುತ್ತಿತ್ತು.

ಕಾರಣ ಹೇಳುತ್ತೇನೆ. ಈ ಕಾಯಿಲೆಯಲ್ಲಿ ಕೈ ಕೆಲಸ ಮಾಡುವಾಗ ನಡುಕ ಕಡಿಮೆ, ಸುಮ್ಮನೆ ಇಟ್ಟಾಗ ಹೆಚ್ಚು. ನೇರ ಹಾರುವಾಗ ಮಾವನವರ ಕೈ ಜಾಯ್‌ಸ್ಟಿಕ್ಕಿನ ಮೇಲೆ ಸುಮ್ಮನಿರುತ್ತದೆ, ಆದ್ದರಿಂದ ನಡುಗುತ್ತದೆ, ಆದ್ದರಿಂದ ವಿಮಾನವೂ ನಡುಗುತ್ತದೆ. ನನ್ನ ಮಿಸೈಲ್ ಆ ಪ್ರತಿಯೊಂದು ಸಣ್ಣ ಅಲುಗಾಟವನ್ನೂ ವಿಮಾನ ತಿರುಗಿತು ಎಂದೇ ನಂಬಿ ತಾನೂ ತಿರುಗುತ್ತಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮಿಸೈಲಿನ ಇಂಧನ ಬೇಗ ಮುಗಿಯುತ್ತದೆ, ಆಮೇಲೆ ಮೊದಲಿನ ವೇಗದಲ್ಲೇ ಸಾಗಬೇಕು. ಪ್ರತಿ ತಿರುವಿಗೂ ಆ ವೇಗ ಸ್ವಲ್ಪ ಸ್ವಲ್ಪ ಕರಗುತ್ತದೆ. ನಿಜವಾದ ಮಿಸೈಲಿನಲ್ಲಿ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಏರ್ಪಾಡು ಇರುತ್ತದೆ. ನನ್ನದರಲ್ಲಿ ಇರಲಿಲ್ಲ.

ಆಮೇಲೆ ಮಾವನವರಿಗೆ ಹುಮ್ಮಸ್ಸು ಬಂದು, ಮಿಸೈಲ್ ಕಂಡ ಕೂಡಲೇ ತಪ್ಪಿಸಿಕೊಳ್ಳಲು ಜಾಯ್‌ಸ್ಟಿಕ್ಕನ್ನು ಗಟ್ಟಿಯಾಗಿ ತಿರುಗಿಸಿದರು. ಕೆಲಸ ಸಿಕ್ಕಿತಲ್ಲ, ಕೈಯ ನಡುಕ ನಿಂತಿತು. ಮಿಸೈಲ್ ಬಂದು ಸರಿಯಾಗಿ ತಗುಲಿತು.

"ಮಾಮಾ, ನೀವು ತಪ್ಪಿಸಿಕೊಳ್ಳಾಕ ಹೋಗಬ್ಯಾಡ್ರಿ. ಏನೂ ಮಾಡಬ್ಯಾಡ್ರಿ."

ಸಂಜೆ ಅವರು ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದುದು ನಮಗೂ ಕೇಳಿಸಿತು: "ನನಗೆ ಇಲ್ಲಿ ಕೆಲಸ ಸಿಕ್ಕಿದೆ. ಎಂತ ಕೆಲಸವಾ? ಎಂತದೂ ಮಾಡ್ಲಿಕ್ಕಿಲ್ಲ. ಮಾಡಿದರೆ ಬೈತಾರೆ. ಸರಕಾರಿ ನೌಕರಿಯ ಹಾಗೆ ಉಂಟು."

ಕಲ್ಯಾಣದಿಂದ ಬಂದ ಶಿಷ್ಯ

ನಮ್ಮ ಗುಂಪಿನ ಮುಖ್ಯಸ್ಥ ಕಲ್ಯಾಣದ ಒಬ್ಬ ಮರಾಠಿ ತರುಣ. ಗುಂಪಿನವರೆಲ್ಲ ಮಾವನವರ ಎದುರು ನೆಟ್ಟಿನ ಮೂಲಕ ಮಿಸೈಲ್ ಬಿಟ್ಟು ನೋಡಿದ್ದರು. ಯಾರಿಗೂ ತಾಗಿಸಲಾಗಲಿಲ್ಲ. ನೇರವಾಗಿ ಹೋಗುತ್ತಲೇ ಎಲ್ಲರಿಂದ ತಪ್ಪಿಸಿಕೊಳ್ಳುವ ಈ ಪೈಲಟ್ ಯಾರು ಎಂದು ದೊಡ್ಡ ಚರ್ಚೆಯಾಯಿತು. ಮಿಸೈಲಿನ ದಾರಿಯ ಗೆರೆ ನೋಡಿದರೆ ಗೊತ್ತಾಗಬೇಕಿತ್ತು, ಆದರೆ ಜನರಿಗೆ ಮಿಸೈಲಿಗಿಂತ ಮನುಷ್ಯನ ಮೇಲೆ ನಂಬಿಕೆ ಹೆಚ್ಚು. ನನ್ನನ್ನು ಕೇಳಿದರು. ಮಾವನವರ ಕಾಯಿಲೆಯನ್ನು ನಾನೇಕೆ ಊರಿಗೆ ಹೇಳಲಿ ಎಂದು ಸುಮ್ಮನಿದ್ದೆ. ಕೊನೆಗೆ ಆ ತರುಣ ಠಾಣೆಯಲ್ಲಿ ಗಾಡಿ ಬದಲಿಸಿ ಖಾರಘರಕ್ಕೇ ಬಂದುಬಿಟ್ಟ. ಗುರುಗಳಿಗೆಂದು ಒಂದು ಡಬ್ಬಿ ಪೇಡೆ ತಂದಿದ್ದ.

ಮಾವನವರು ಹಾರಿಸಿದರು. ಅವನು ಬಗ್ಗಿ, ಅವರ ಕೈಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದ. "ಕಾಕಾ, ಬೋಟಾಂಚೀ ಹೀ ಟೆಕ್ನಿಕ್ ಕುಠೇ ಶಿಕಲಾತ್?" ಬೆರಳುಗಳ ಈ ತಂತ್ರ ಎಲ್ಲಿ ಕಲಿತಿರಿ ಎಂದು ಕೇಳಿದ.

ಠಾಣೆಯಲ್ಲಿ ಜೀವನ ಕಳೆದ ಮಾವನವರು ಅದೇ ಮರಾಠಿಯಲ್ಲಿ ತಣ್ಣಗೆ ಉತ್ತರಿಸಿದರು: "ಮಲಾ ಮಾಹೀತ್ ನಾಹೀ ಬಾಬಾ. ಡಾಕ್ಟರಾಂನಾ ವಿಚಾರ್." ನನಗೆ ಗೊತ್ತಿಲ್ಲಪ್ಪ, ಡಾಕ್ಟರನ್ನು ಕೇಳು.

ಅವನು ಮೊಬೈಲು ಕೆಳಗಿಳಿಸಿದ. ಜಾಯ್‌ಸ್ಟಿಕ್ಕಿನಿಂದ ತೆಗೆದು ತೊಡೆಯ ಮೇಲಿಟ್ಟ ಮೇಲೂ ಮಾವನವರ ಕೈ ಹಾರುತ್ತಲೇ ಇತ್ತು. ಹೆಂಡತಿ ಕಾಫಿ ತಂದಳು. ಮಾವನವರ ಲೋಟದಲ್ಲಿ ಯಾವಾಗಲೂ ಅರ್ಧವೇ ಕಾಫಿ, ತುಂಬಿಸಿದರೆ ಚೆಲ್ಲುತ್ತದೆ. ಹುಡುಗ ತನ್ನ ಲೋಟ ನೋಡಿ, ತನಗೂ ಅರ್ಧ ಸಾಕು ಎಂದ.

ಮಾವನವರು ಅವನ ಬೆನ್ನು ತಟ್ಟಿದರು. ತಟ್ಟಿದ್ದು ಒಮ್ಮೆ, ತಗುಲಿದ್ದು ಬಹಳ ಸಲ. "ನೋಡಿ," ಎಂದರು ನನಗೆ, "ಹೋಟೆಲಲ್ಲಿ ಇಷ್ಟು ವರ್ಷ ದುಡಿದೆ, ಒಬ್ಬನೂ ಕಲೀಲಿಕ್ಕೆ ಬರ್ಲಿಲ್ಲ. ಕೈ ಹಾಳಾದ ಮೇಲೆ ಶಿಷ್ಯ ಬಂದ, ಪೇಡೆ ಸಮೇತ."

ಬಸಳೆಯ ಕುಂಡ

ಇದು ನಗುವ ಪ್ರಸಂಗ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಡಾಕ್ಟರು ಮಾತ್ರೆ ಬದಲಿಸಿದರು. ಹೊಸ ಮಾತ್ರೆಗೆ ನಡುಕ ಚೆನ್ನಾಗಿ ಇಳಿಯಿತು. ಮಾವನವರು ತಾವೇ ಚಮಚದಲ್ಲಿ ಸಾರು ಕುಡಿದರು. ನಾವು ಖುಷಿಪಟ್ಟೆವು. ಆ ಭಾನುವಾರ ನಾನು ಬಿಟ್ಟ ಮೊದಲ ಮಿಸೈಲೇ ಅವರಿಗೆ ತಗುಲಿತು. ಎರಡನೆಯದೂ. ಅವರು ಕಂಪ್ಯೂಟರ್ ಆರಿಸಿ ಎದ್ದರು.

ಮುಂದಿನ ವಾರದಿಂದ ಮತ್ತೆ ತಗುಲಲಿಲ್ಲ. ಅವರ ಮುಖ ಅರಳಿತು. ಆದರೆ ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಲ್ಲತೊಡಗಿತು. ಒಂದು ಬೆಳಿಗ್ಗೆ ಬಚ್ಚಲಿನ ಹೊಸ್ತಿಲಲ್ಲಿ ಹಾಗೇ ನಿಂತು, ಮೈ ಮಾತ್ರ ಮುಂದೆ ಹೋಗಿ, ಬಿದ್ದರು. ಹಣೆಗೆ ಹೊಲಿಗೆ ಹಾಕಬೇಕಾಯಿತು. ಔಷಧಿ ಹಿಡಿಯುತ್ತಿಲ್ಲವೇನೋ ಎಂದು ಡಾಕ್ಟರು ಇನ್ನೂ ಹೆಚ್ಚು ಬರೆದರು.

ಹೆಂಡತಿಗೆ ಸಿಕ್ಕಿದ್ದು ಆಮೇಲೆ. ಬಾಲ್ಕನಿಯಲ್ಲಿ ಬಸಳೆಯ ಕುಂಡಕ್ಕೆ ಗೊಬ್ಬರ ಹಾಕಲು ಮಣ್ಣು ಕೆದಕಿದರೆ, ಒಳಗೆ ಮಾತ್ರೆಗಳು. ಕೆಲವು ಕರಗಿದ್ದವು, ಕೆಲವು ಇನ್ನೂ ಹಳದಿಯಾಗಿ ಹೊಳೆಯುತ್ತಿದ್ದವು. ಅವಳು ಅವನ್ನು ಅಂಗೈಯಲ್ಲಿ ಹಿಡಿದು ಅಪ್ಪನ ಮುಂದೆ ನಿಂತಳು.

"ಎಂತ ಅಪ್ಪ ಇದು?"

ಅವರು ಕಿಟಕಿಯ ಆಚೆಯ ಗುಡ್ಡದ ಕಡೆ ತಿರುಗಿದರು. "ಮಾತ್ರೆ ತಿಂದರೆ ಕೈ ನಿಲ್ತದೆ. ಕೈ ನಿಂತರೆ ಅದು ಬಂದು ತಾಗ್ತದೆ," ಎಂದರು. "ಈ ಕೈಯಿಂದ ಎಲ್ಲಾ ಹೋಯ್ತು ಮಗಾ. ಲೋಟ ಹೋಯ್ತು, ಪೆನ್ನು ಹೋಯ್ತು, ಕೌಂಟರ್ ಹೋಯ್ತು. ಒಂದು ಕಡೆ ಮಾತ್ರ ಈ ಕೈಯೇ ಬೇಕು ಅಂತ ಇತ್ತಲ್ಲ."

ಹೆಂಡತಿ ಅಳಬೇಕೋ ಬೈಯಬೇಕೋ ತಿಳಿಯದೆ ಬಾಲ್ಕನಿಗೆ ಹೋದಳು. ಅಲ್ಲಿಂದ ಅವಳ ದನಿ ಕೇಳಿಸಿತು: "ಅದಕ್ಕೇ ಈ ವರ್ಷ ಬಸಳೆ, ತಾನು ಬಳ್ಳಿ ಅಂತ ನೆನಪೇ ಇಲ್ಲದ ಹಾಗೆ, ನೆಟ್ಟಗೆ ನಿಂತದ್ದು."

ಸಾಂಬಾರಿನ ಉಪ್ಪು

ಈಗ ದಾರಿ ಒಂದೇ ಇತ್ತು. ಮಿಸೈಲಿನ ತಪ್ಪನ್ನು ತಿದ್ದಬೇಕು. ತಿದ್ದಿದರೆ ನಡುಗುವ ಕೈಗೂ ನಿಂತ ಕೈಗೂ ವ್ಯತ್ಯಾಸವಿರುವುದಿಲ್ಲ, ಮಾತ್ರೆ ಬಿಟ್ಟು ಪ್ರಯೋಜನವಿರುವುದಿಲ್ಲ. ಆದರೆ ಆಟದಲ್ಲಿ ಅವರ ವಿಮಾನ ಪ್ರತಿ ಸಲವೂ ಬೀಳುತ್ತದೆ.

ಹೆಂಡತಿ ಅಡಿಗೆಮನೆಯಲ್ಲಿ ಮೆಲ್ಲಗೆ ಕೇಳಿದಳು: "ಹೋಯ್, ಸರಿ ಮಾಡಿ. ಆದರೆ ಅಪ್ಪನ ವಿಮಾನಕ್ಕೆ ಮಾತ್ರ ತಾಗದ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ?"

"ಅದಕ್ಕ ಮಾವ, ಅಳಿಯ ಅನ್ನೋ ಸಂಬಂಧ ಗೊತ್ತಾಗಂಗಿಲ್ಲ," ಎಂದೆ. ಸತ್ಯ ಹೇಳಬೇಕೆಂದರೆ ಹಾಗೆ ಮಾಡಬಹುದಿತ್ತು, ಒಂದು ಸಾಲು ಬರೆದರೆ ಸಾಕಿತ್ತು. ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಮಾವನವರು ಬಾಗಿಲಲ್ಲಿ ನಿಂತಿದ್ದದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ಅದು ತಪ್ಪು ಹೌದಾ ಅಲ್ವಾ? ಅಷ್ಟು ಹೇಳಿ," ಎಂದರು.

"ಹೌದ್ರಿ ಮಾಮಾ. ತಪ್ಪು."

"ಹಾಗಾದ್ರೆ ಸರಿ ಮಾಡಿ. ಸಾಂಬಾರಿಗೆ ಉಪ್ಪು ಜಾಸ್ತಿ ಬಿದ್ದದ್ದು ಒಬ್ಬ ಗಿರಾಕಿಗೆ ರುಚಿ ಆಯ್ತು ಅಂತ ಹಾಗೇ ಬಿಡ್ಲಿಕ್ಕೆ ಆಗ್ತದಾ?"

ಸಣ್ಣ ಅಲುಗಾಟಗಳನ್ನು ಒಟ್ಟು ಮಾಡಿ ಸರಾಸರಿ ನೋಡುವ ಹಾಗೆ ತಿದ್ದಿದೆ. ಇದರಲ್ಲೂ ಒಂದು ಅಳತೆ ಉಂಟು. ತೀರಾ ಕಡಿಮೆ ಮಾಡಿದರೆ ಮಿಸೈಲ್ ಗಾಬರಿಬೀಳುತ್ತದೆ, ಹೆಚ್ಚು ಮಾಡಿದರೆ ಸೋಮಾರಿಯಾಗುತ್ತದೆ. ಮಾವನವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೂತರು. ಹೊಲಿಗೆಯ ಮೇಲೆ ನಾಮ ಸ್ವಲ್ಪ ಓರೆಯಾಗಿತ್ತು. ವಿಮಾನ ನೇರ ಹೋಯಿತು, ನಡುಗುತ್ತಾ. ಮಿಸೈಲ್ ಈ ಸಲ ಆ ಕಡೆ ಈ ಕಡೆ ನೋಡಲಿಲ್ಲ. ಒಂದೇ ಓರೆಯಲ್ಲಿ ಬಂತು.

ತೆರೆ ಕೆಂಪಾಯಿತು. ನಾನು ಹಾಲಿನಿಂದ ಎದ್ದು ಹೋಗುವಷ್ಟರಲ್ಲಿ ಅವರು ಕುರ್ಚಿ ತಿರುಗಿಸಿ, ಮಗಳ ಕಡೆ ಅಂಗೈ ಚಾಚಿದ್ದರು.

"ತಾಗಿತು. ಇನ್ನು ಮಾತ್ರೆ ಕೊಡು."

ಕೌಂಟರ್

ಆಮೇಲೆ ಅವರು ಹಾರಿಸಲಿಲ್ಲ. ಬಾಲ್ಕನಿಯಲ್ಲಿ ಕೂತು, ನಮ್ಮ ಹತ್ತಿರದ ಹೊಸ ಏರ್‌ಪೋರ್ಟಿಗೆ ಇಳಿಯುವ ನಿಜವಾದ ವಿಮಾನಗಳನ್ನು ನೋಡುತ್ತಿದ್ದರು. ಇಸ್ತ್ರಿ ಕೇಳಲಿಲ್ಲ. ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಒಂದು ದಿನ ಊಟದ ನಡುವೆ ಇದ್ದಕ್ಕಿದ್ದಂತೆ ಕೇಳಿದರು: "ಈ ಮಿಸೈಲನ್ನು ಕೆಳಗಿಂದ ಬಿಡುವವ ಒಬ್ಬ ಇರ್ತಾನಲ್ಲ. ಅವನು ಕೂತ್ಕೊಂಡೇ ಇರುದಾ?"

"ಹೌದ್ರಿ. ರಾಡಾರ್ ವ್ಯಾನಿನಾಗ ಕೂತು ನೋಡಕೋತ ಇರ್ತಾನ."

"ಕೂತು, ಬರುವವರನ್ನು ನೋಡುದು. ಅದು ಕೌಂಟರಿನ ಕೆಲಸ ಅಲ್ವಾ? ಅದನ್ನು ಕೊಡಿ ನನಗೆ."

ಮುಂದಿನ ಭಾನುವಾರ ನಾನು ವಿಮಾನದಲ್ಲಿ, ಅವರು ನೆಲದಲ್ಲಿ. ಅಂಗಿಗೆ ಇಸ್ತ್ರಿ ಆಗಿತ್ತು. ನಾನು ಅವರ ಮೇಲೆ ಒಂದು ಸುತ್ತು ಹಾರಿದೆ. ಮಿಸೈಲ್ ಬರಲಿಲ್ಲ. ಹುಡುಕುತ್ತಿರಬೇಕು ಎಂದುಕೊಂಡು ಇನ್ನಷ್ಟು ಹತ್ತಿರ ಬಂದೆ. ಬರಲಿಲ್ಲ. ರಾಡಾರನ್ನೇ ಹಚ್ಚಿರಲಿಲ್ಲ. ಹಚ್ಚಿದ್ದರೆ ನನಗೆ ಇಲ್ಲಿ ಬೀಪ್ ಕೇಳಿಸುತ್ತಿತ್ತು.

"ಮಾಮಾ, ಕಾಣಸ್ತದೇನ್ರಿ?" ಎಂದು ಕೂಗಿದೆ.

ಉತ್ತರವಿಲ್ಲ.

"ಮಾಮಾ?"

ಮನೆ ತಣ್ಣಗಿತ್ತು. ಹೆಂಡತಿ ಕೆಳಗೆ ತರಕಾರಿಗೆ ಹೋಗಿದ್ದಳು. ಜಾಯ್‌ಸ್ಟಿಕ್ ಬಿಟ್ಟು ಕೋಣೆಗೆ ಓಡಿದೆ. ಅವರು ಕುರ್ಚಿಯಲ್ಲಿದ್ದರು. ತಲೆ ಎದೆಯ ಮೇಲೆ ಬಾಗಿತ್ತು. ಬಲಗೈ ಕೀಬೋರ್ಡಿನ ಮೇಲಿತ್ತು, ಮತ್ತು ಅದು ನಡುಗುತ್ತಿರಲಿಲ್ಲ. ಆ ಕೈ ಅಷ್ಟು ಸ್ತಬ್ಧವಾಗಿದ್ದುದನ್ನು ನಾನು ಎಂದೂ ನೋಡಿರಲಿಲ್ಲ. ಕೈ ಕೆಲಸದಲ್ಲಿದ್ದಾಗ ನಡುಗುವುದಿಲ್ಲ ಎಂದು ನಾನೇ ಮೇಲೆ ಬರೆದಿದ್ದೇನೆ. ಆದರೆ ಅಂಥ ಹೊತ್ತಿನಲ್ಲಿ ಅದೆಲ್ಲ ನೆನಪಿಗೆ ಬರುವುದಿಲ್ಲ. ಬಗ್ಗಿ, ಅವರ ಮೂಗಿನ ಬಳಿ ಬೆರಳು ಹಿಡಿದೆ.

ಕೀಲಿ ಒತ್ತಿದ ಶಬ್ದವಾಯಿತು. ಮತ್ತೊಂದು ಕೀಲಿ. ಸ್ವಲ್ಪ ಹೊತ್ತಿಗೆ ಹಾಲಿನಿಂದ ನನ್ನ ವಿಮಾನ ಸಿಡಿದ ಸದ್ದು ಕೇಳಿಸಿತು.

ಮಾವನವರು ತಲೆ ಎತ್ತಿದರು. "ಗಿರಾಕಿ ಬಂದ ಕೂಡಲೇ ಎಂತ ಬೇಕು ಅಂತ ಕೇಳ್ಬಾರ್ದು ಮಾರಾಯ್ರೆ. ಕೂತು, ನೀರು ಕುಡಿದು, ಕಾಲು ಚಾಚಲಿ. ಆಮೇಲೆ." ನನ್ನ ಬೆರಳು ಇನ್ನೂ ಅವರ ಮೂಗಿನ ಹತ್ತಿರವೇ ಇತ್ತು. ಅದನ್ನು ನೋಡಿ ಹೇಳಿದರು: "ಅದನ್ನು ತೆಗೀರಿ. ಉಸಿರಾಡ್ಲಿಕ್ಕೆ ಅಡ್ಡ ಆಗ್ತದೆ."

ಅಂದಿನಿಂದ ಪ್ರತಿ ಭಾನುವಾರ ಇದೇ. ಅವರು ಮಾತು ನಿಲ್ಲಿಸುತ್ತಾರೆ, ನಾನು ಎದ್ದು ಓಡುತ್ತೇನೆ, ನನ್ನ ವಿಮಾನ ಬೀಳುತ್ತದೆ. ಗುಂಪಿನವರು ನಗುತ್ತಾರೆ: ಕುರ್ಚಿ ಬಿಟ್ಟು ಏಳಬೇಡ, ಬದುಕುತ್ತೀಯ. ಅದು ನನಗೆ ಗೊತ್ತಿಲ್ಲದ್ದಲ್ಲ. ಇವತ್ತೂ ಭಾನುವಾರ. ಇದನ್ನು ಬರೆಯುತ್ತಾ ಒಂದು ಕೈ ಜಾಯ್‌ಸ್ಟಿಕ್ಕಿನ ಮೇಲಿಟ್ಟು ನನ್ನ ವಿಮಾನವನ್ನು ಹಾರಿಸುತ್ತಿದ್ದೇನೆ, ಅವರು ಒಳಗೆ ಕೌಂಟರಿನಲ್ಲಿದ್ದಾರೆ. ಎದ್ದರೆ ಯಾಕೆ ಬೀಳುತ್ತೇನೆ ಎಂಬುದನ್ನು ಸ್ಪಷ್ಟಪಡಿಸಿ ಮುಗಿಸುತ್ತೇನೆ. ಕೈ ಬಿಟ್ಟ ವಿಮಾನ ನೇರ ಹೋಗುತ್ತದೆ. ನೇರ ಹೋದರೆ, ಮೇಲೆ ಡೊಂಬಿವಲಿಯ ಬಾಗಿಲಿನ ಬಗ್ಗೆ ಹೇಳಿದೆನಲ್ಲ, ಅದೇ ರೀತಿ ಓರೆ ಬದಲಾಗುವುದಿಲ್ಲ. ಓರೆ ಬದಲಾಗದಿದ್ದರೆ ಮಿಸೈಲಿಗೆ ತಿರುಗುವ ಅಗತ್ಯವೇ ಬೀಳುವುದಿಲ್ಲ, ತಿರುಗದಿದ್ದರೆ ವೇಗ ಕರಗುವುದಿಲ್ಲ, ಅಂದರೆ ಅದು

ಹೆಂಡತಿ ಅಡಿಗೆಮನೆಯಿಂದ ಕೂಗುತ್ತಿದ್ದಾಳೆ. "ಹೋಯ್, ಅಪ್ಪ ಕರೆದರೆ ಮಾತಾಡುದಿಲ್ಲ. ಒಮ್ಮೆ ನೋಡಿ ಬನ್ನಿ."

ಅವರ ಆಟವೇ ಆಗಿರಲಿ. ಏಳುತ್ತೇನೆ.